ರುಚಿ ನೋಡುವವನ ಚಹಾ

"ಗುರುಗಳೇ, ಬೆಳಗ್ಗೆ ಒಬ್ಬನೇ ಕೂತು ಚಹಾ ಕುಡಿಯುವಾಗ ನನ್ನ ಮನಸ್ಸು ತಿಳಿಯಾಗಿರುತ್ತದೆ. ಯಾರಾದರೂ ಬಂದು ಪಕ್ಕದಲ್ಲಿ ಕೂತರೆ ಸಾಕು, ಕದಡಿಹೋಗುತ್ತದೆ. ಒಬ್ಬರ ಮಾತು ಒರಟು, ಇನ್ನೊಬ್ಬರ ನಗು ಸುಳ್ಳು, ಮತ್ತೊಬ್ಬರು ಕೂರುವ ರೀತಿಯೇ ಸರಿಯಿಲ್ಲ. ನನ್ನ ಕಣ್ಣಿಗೆ ಬರೀ ಇದೇ ಬೀಳುತ್ತದೆ. ಆ ಶಾಂತಿ ಉಳಿಯಬೇಕಾದರೆ ಜನರನ್ನು ಬಿಟ್ಟು ಇನ್ನೂ ದೂರ ಹೋಗಬೇಕೆ?"

ಮಹಾಲಿಂಗನೆಂಬ ಶಿಷ್ಯ ಹೀಗೆ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಘಟ್ಟದ ಮೇಲಿನ ಒಂದು ಪೇಟೆಯಲ್ಲಿ ಚಹಾದ ರುಚಿ ನೋಡುವ ಮನುಷ್ಯನೊಬ್ಬನಿದ್ದ. ತೋಟಗಳಿಂದ ಬಂದ ಪುಡಿಯನ್ನು ಕೊಳ್ಳುವ ಮೊದಲು ಸಾಹುಕಾರ ಅದನ್ನು ಅವನ ಮುಂದೆ ಇಡಿಸುತ್ತಿದ್ದ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಅವನು ಒಂದೊಂದರಿಂದಲೂ ಚಮಚದಷ್ಟು ಸೊರ್ರನೆ ಎಳೆದುಕೊಂಡು, ನಾಲಗೆಯ ಮೇಲೆ ಹೊರಳಿಸಿ, ಪೀಕದಾನಿಗೆ ಉಗುಳಿ ಮುಂದಿನ ಬಟ್ಟಲಿಗೆ ಹೋಗುತ್ತಿದ್ದ. ಅಷ್ಟನ್ನೂ ನುಂಗಿದರೆ ಯಾವ ಹೊಟ್ಟೆ ತಡೆದೀತು? ಯಾವ ಗುಡ್ಡದ ಎಲೆ, ಮಳೆಗೆ ಮೊದಲು ಕಿತ್ತದ್ದೋ ನಂತರವೋ, ಒಣಗಿಸುವಾಗ ಬಿಸಿ ಹೆಚ್ಚಾಯಿತೋ, ಎಲ್ಲವನ್ನೂ ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ.

ಕೆಲಸ ಮುಗಿದ ಮೇಲೂ ಆ ನಾಲಗೆ ಸುಮ್ಮನಿರುತ್ತಿರಲಿಲ್ಲ. ಅವನ ಜೊತೆ ನೆಂಟರ ಮನೆಗೂ ಹೋಗುತ್ತಿತ್ತು. ಒಮ್ಮೆ ಅವನ ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅಕ್ಕ ಎಲ್ಲರಿಗೂ ಚಹಾ ತಂದುಕೊಟ್ಟಳು. ಇವನು ಒಂದು ಗುಟುಕು ಬಾಯಿಗಿಟ್ಟು, "ಪುಡಿ ಹಳೆಯದು. ನೀರೂ ಅತಿಯಾಗಿ ಕುದಿದಿದೆ" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ. ಬಂದವರು ನಕ್ಕರು. ಒಳಗೆ ಹೋದ ಅಕ್ಕ ಅವರು ಹೊರಡುವವರೆಗೂ ಮುಖ ತೋರಿಸಲಿಲ್ಲ. ಅಂದಿನಿಂದ ಅವನು ಮನೆಗೆ ಬಂದರೆ ಅವಳು ಚಹಾದ ಬದಲು ಮಜ್ಜಿಗೆ ತಂದಿಡುತ್ತಿದ್ದಳು.

ಉಳಿದವರೂ ಹಾಗೆಯೇ ಆದರು. ಯಾರ ಮನೆಗೆ ಹೋದರೂ ಅವನ ಮುಂದೆ ನೀರು ಬರುತ್ತಿತ್ತು, ಇಲ್ಲವೇ ಬಾಳೆಹಣ್ಣು. ಒಳಗೆ ಕುದಿಯುತ್ತಿದ್ದ ಚಹಾವನ್ನು ಅವನು ಎದ್ದುಹೋಗುವವರೆಗೂ ಸೋಸುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲಂತೂ, ಬನ್ನಿ, ಒಂದು ಲೋಟ ಚಹಾ ಕುಡಿದು ಹೋಗಿ ಎಂದು ಅವನನ್ನು ಕರೆಯುವವರು ಆ ಪೇಟೆಯಲ್ಲಿ ಯಾರೂ ಉಳಿಯಲಿಲ್ಲ. ಅವನು ಅದನ್ನು ಗೌರವವೆಂದುಕೊಂಡಿದ್ದ.

ಒಂದು ಸಲ ಅವನಿಗೆ ಜ್ವರ ಬಂತು. ಹಲವು ದಿನ ಮಲಗಿದ. ಜ್ವರ ಬಿಟ್ಟ ಮೇಲೆ ಮೇಜಿನ ಮುಂದೆ ನಿಂತು ಮೊದಲ ಬಟ್ಟಲಿನಿಂದ ಎಳೆದುಕೊಂಡ. ಬರೀ ಬಿಸಿನೀರು. ಎರಡನೆಯದೂ ಹಾಗೆಯೇ. ಸಾಲಿನ ಕೊನೆಯವರೆಗೂ ಹೋದ. ಎಲ್ಲವೂ ಒಂದೇ. ಹೋಗಿ ಸಾಹುಕಾರನಿಗೆ ಇದ್ದದ್ದನ್ನು ಹೇಳಿದ.

ಸಾಹುಕಾರ ಒಳ್ಳೆಯವನು. "ಮನೆಯಲ್ಲಿ ಸುಧಾರಿಸಿಕೊಳ್ಳಿ. ರುಚಿ ಮರಳಿದ ದಿನ ನಿಮ್ಮ ಜಾಗ ನಿಮ್ಮದೇ" ಎಂದು ಕಳಿಸಿಕೊಟ್ಟ.

ಮನೆಯಲ್ಲಿ ಸುಧಾರಿಸಿಕೊಳ್ಳುವುದಕ್ಕೆ ಏನಿತ್ತು? ಗೋಡೆ ಇತ್ತು, ಕಿಟಕಿ ಇತ್ತು. ಎರಡು ದಿನ ಯಾರೊಡನೆಯೂ ಮಾತಿಲ್ಲದೆ ಕೂತ. ಮೂರನೆಯ ದಿನ ತಾಳಲಾರದೆ ಬೀದಿ ಮೂಲೆಯ ಚಹಾದಂಗಡಿಗೆ ಹೋದ. ಅಲ್ಲಿ ಹರಟುತ್ತಿದ್ದ ಹಮಾಲರು ಅವನನ್ನು ಕಂಡು ಸುಮ್ಮನಾದರು. ಅಂಗಡಿಯವನು ಕೈಯೊರೆಸಿಕೊಂಡು, "ನಿಮಗೆ ಕೊಡುವಂಥ ಚಹಾ ನಮ್ಮಲ್ಲಿಲ್ಲ ಸ್ವಾಮಿ" ಎಂದ. ಆ ಮಾತಿನಲ್ಲಿ ಕುಹಕವಿರಲಿಲ್ಲ, ಹೆದರಿಕೆಯಿತ್ತು. ಅದುವರೆಗೆ ತಾನು ಗೌರವವೆಂದುಕೊಂಡಿದ್ದು ಏನೆಂದು ಅವನಿಗೆ ಆಗ ಗೊತ್ತಾಯಿತು.

ಅಲ್ಲಿಂದ ಅವನ ಕಾಲು ಅಕ್ಕನ ಮನೆಯ ಕಡೆಗೆ ತಿರುಗಿತು. ಅವಳೂ ಈಗ ಒಂಟಿಯಾಗಿದ್ದಳು. ಮಗಳು ಬೇರೆ ಸಂಬಂಧದಲ್ಲಿ ಮದುವೆಯಾಗಿ ದೂರದ ಊರು ಸೇರಿದ್ದಳು. ಅಕ್ಕ ಚಾಪೆ ಹಾಸಿ ಮಜ್ಜಿಗೆ ತಂದಿಟ್ಟಳು.

"ಅಕ್ಕಾ, ಚಹಾ ಕೊಡ್ತೀಯಾ?"

ಅವಳು ಅವನ ಮುಖವನ್ನೇ ನೋಡಿದಳು. "ನನ್ನ ಕೈ ಚಹಾ ನಿನಗೆ ಸೇರೋದಿಲ್ಲ ಕಣೋ ತಮ್ಮಾ."

"ಇರಲಿ, ಕೊಡು."

ಅವಳು ಒಳಗೆ ಹೋಗಿ ಬಹಳ ಹೊತ್ತಾಯಿತು. ಮೊದಲು ಕಾಯಿಸಿದ್ದನ್ನು ಬಚ್ಚಲಿಗೆ ಚೆಲ್ಲಿ ಮತ್ತೊಮ್ಮೆ ಒಲೆಗಿಟ್ಟ ಸದ್ದು ಅವನಿಗೆ ಕೇಳಿಸಿತು. ಕೊನೆಗೆ ಲೋಟ ತಂದಿಟ್ಟು ಅವಳು ಬಾಗಿಲ ಮರೆಗೆ ಸರಿದು ನಿಂತಳು.

ಅಭ್ಯಾಸಬಲದಿಂದ ಒಂದು ಗುಟುಕು ಎಳೆದು ನಾಲಗೆಯ ಮೇಲೆ ಹೊರಳಿಸಿದ. ನಾಲಗೆ ಏನೂ ಹೇಳಲಿಲ್ಲ. ಉಗುಳಲು ಅಲ್ಲಿ ಪೀಕದಾನಿಯಿರಲಿಲ್ಲ. ನುಂಗಿದ. ಬಿಸಿ ಗಂಟಲಿಳಿದು ಎದೆಯನ್ನು ಹಾದು ಹೊಟ್ಟೆಗೆ ಹೋಯಿತು. ಇಷ್ಟು ವರ್ಷ ಚಹಾದ ನಡುವೆಯೇ ಬದುಕಿದ್ದವನಿಗೆ, ಅದು ಎದೆಯವರೆಗೆ ಇಳಿಯುತ್ತದೆಂಬುದೇ ಮರೆತುಹೋಗಿತ್ತು.

"ಹೇಗಿದೆ?" ಬಾಗಿಲ ಮರೆಯಿಂದ ಅಕ್ಕ ಕೇಳಿದಳು.

ಚಹಾಕ್ಕೆ ಹೇಳುವ ಮಾತುಗಳು ಅವನಲ್ಲಿ ರಾಶಿ ಇದ್ದವು. ಆಗ ಒಂದೂ ಬರಲಿಲ್ಲ. "ಬಿಸಿಯಾಗಿದೆ ಅಕ್ಕಾ" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು.

ಅವಳು ತನ್ನ ಲೋಟವನ್ನೂ ತಂದು ಹೊಸ್ತಿಲ ಬಳಿ ಕೂತಳು. ಮೊದಲು ಮಂಡಿನೋವಿನ ಮಾತು. ಆಮೇಲೆ ಮಗಳ ಮಾತು. ಆಮೇಲೆ ಸತ್ತುಹೋದ ಅವ್ವನ ಮಾತು. ಅವನು ಕೇಳುತ್ತ ಕೂತ. ನಡುವೆ ಇಬ್ಬರೂ ಸುಮ್ಮನಾದರು. ಆ ಮೌನ ಅವನ ಮನೆಯ ಮೌನದಂತಿರಲಿಲ್ಲ. ಲೋಟ ಯಾವಾಗ ಬರಿದಾಯಿತೋ ಅವನಿಗೆ ತಿಳಿಯಲಿಲ್ಲ.

ಮರುದಿನವೂ ಹೋದ. ಬರಬರುತ್ತ ಅಂಗಡಿಯ ಹಮಾಲರೂ ಅವನಿಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟರು. ಇವನಿಗೆ ರುಚಿ ಹೋಗಿದೆಯಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಜನ ಮರುಗಿದರು, ಮರುಗಿ ಮನೆಗೆ ಕರೆದರು. ಕರೆದಲ್ಲೆಲ್ಲ ಹೋಗಿ, ಕೊಟ್ಟದ್ದನ್ನು ಕುಡಿದು, ಅವರ ಮಾತು ಕೇಳಿ ಮನೆಗೆ ಬರುತ್ತಿದ್ದ. ಹೀಗೆಯೇ ಅವನ ಮುಪ್ಪು ಕಳೆಯಿತು.

ಗುರುಗಳು ಕತೆ ನಿಲ್ಲಿಸಿದರು.

ಮಹಾಲಿಂಗನಿಗೆ ಸಮಾಧಾನವಾಗಲಿಲ್ಲ. "ಅವನ ನಾಲಗೆ ಸತ್ತಿತ್ತು, ಆದ್ದರಿಂದ ನೆಮ್ಮದಿ ಸಿಕ್ಕಿತು. ನನ್ನದು ಬದುಕಿದೆಯಲ್ಲ ಗುರುಗಳೇ, ನಾನೇನು ಮಾಡಲಿ? ಅವನಿಗೆ ರುಚಿ ಮರಳಿ ಬರಲೇ ಇಲ್ಲವೆ?"

"ಬಂತು," ಎಂದರು ಗುರುಗಳು. "ಅವನು ಯಾರಿಗೂ ಹೇಳಲಿಲ್ಲ."