ತಾಯಿಸಾಕ್ಷಿ ಕೆರೆ

ಈ ಕಥೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆಯ ಎಡಭಾಗ ಉದುರಿಹೋಗಲಿ. ಬಲಭಾಗ ಹಿಂದಿನೊಂದು ಆಣೆಯಲ್ಲೇ ಹೋಗಿದೆ. ಹಿರೇಮರಡಿಯ ಬಯಲಿನಲ್ಲಿರುವ ತಾಯಿಸಾಕ್ಷಿ ಕೆರೆಯನ್ನು ಕಂಡು ನಾಚಿಯೇ ಸಮುದ್ರ ಅಷ್ಟು ದೂರ ಹೋಗಿ ನಿಂತಿದ್ದು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿರುತ್ತದೆ, ಅದು ಬೇರೆ ಮಾತು. ಕೆರೆಯ ನಡುವೆ ಆಳೆತ್ತರದ ಒಂದು ಕೆಮ್ಮಣ್ಣಿನ ದಿಬ್ಬ. ಸುತ್ತ ಮರವಿಲ್ಲ, ಮನೆಯಿಲ್ಲ. ಗಾಳಿಯನ್ನು ಬಿಟ್ಟರೆ ಮಾತಾಡಿಸುವವರಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಊರೂರು ತಿರುಗಿ ಕೆರೆ ತೋಡುವ ತಂಡವೊಂದು ಇಲ್ಲಿ ಬೀಡುಬಿಟ್ಟಿತ್ತು ಎನ್ನುತ್ತಾರೆ. ಅಗೆದ ಆಳ ಅಳೆಯಲೆಂದು ನಡುವೆ ಅಗೆಯದೆ ಉಳಿಸುವ ಮಣ್ಣಿನ ದಿಬ್ಬಕ್ಕೆ ಅವರು 'ಸಾಕ್ಷಿ' ಎನ್ನುತ್ತಿದ್ದರು. ಅಳತೆ ಮುಗಿದೊಡನೆ ಅದನ್ನು ಕೆಡವಲೇಬೇಕು. ನಿಂತ ಸಾಕ್ಷಿಯನ್ನು ಬಿಟ್ಟುಬಂದವರಿಗೆ ತಂಡದಲ್ಲಿ ಜಾಗವಿಲ್ಲ. ಈ ಕೆರೆಯ ಸಾಕ್ಷಿಯನ್ನು ಉಳಿಸಿದವಳು ಅದೇ ತಂಡದ ಸುಂಕಮ್ಮ. ಹೆತ್ತ ಒಂದೇ ಕೂಸನ್ನು ಇದಕ್ಕೆ ಮೊದಲು ತೋಡಿದ ಕೆರೆಯ ಏರಿಯ ಪಕ್ಕದಲ್ಲಿ ಮಣ್ಣುಮಾಡಿ ಬಂದಿದ್ದಳು. ಅಳತೆ ಮುಗಿದ ದಿನ ನೋಡಿದರೆ, ದಿಬ್ಬದ ತುದಿಯ ಬೆಣಚುಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿದೆ.

"ಏ ಸುಂಕಿ, ಗುದ್ದಲಿ ಎತ್ತೇ! ಹಕ್ಕಿಗೆ ಅರಮನೆ ಕಟ್ಟಿಸ್ತೀಯೇನು?" ಎಂದ ತಂಡದ ಹಿರಿಯ ಓಬಳಯ್ಯ.

"ಮೊಟ್ಟೆ ಒಡೆದು ಮರಿ ಆಗ್ಲಿ ಮಾವ. ನಾನೇ ಕೆಡವಿ ಹಿಂದೆ ಬತ್ತೀನಿ."

"ಕೆಡವದೆ ಬಂದ್ರೆ ನಮ್ಮ ಒಲೆ ಹತ್ರ ಸೇರಿಸಲ್ಲ, ತಿಳ್ಕೋ."

ಕತ್ತೆಗಳ ಮೇಲೆ ಗುಡಾರ ಹೇರಿ ತಂಡ ಹೊರಟುಹೋಯಿತು. ಬಯಲಿನಲ್ಲಿ ಉಳಿದದ್ದು ಒಬ್ಬ ಹೆಂಗಸು, ಒಂದು ಹಕ್ಕಿ. ಹಕ್ಕಿಗೋ ಇವಳನ್ನು ಕಂಡರಾಗದು. ನೆತ್ತಿಗೆ ಎರಗುತ್ತಿತ್ತು, ರೆಕ್ಕೆ ಮುರಿದಂತೆ ನೆಲದ ಮೇಲೆ ತೆವಳಿ ಇವಳನ್ನು ಗೂಡಿನಿಂದ ದೂರ ಸೆಳೆಯುತ್ತಿತ್ತು. ಅದು ಹಾಕಿದ ಕೂಗಿಗೆ ಮೂರು ಹರದಾರಿ ಆಚೆಯ ಊರಿನಲ್ಲಿ ಹಾಲು ಒಡೆಯುತ್ತಿತ್ತು. "ನಿನ್ನ ಮನೆ ಕಾಯೋಳಿಗೇ ಬೈತೀಯಲ್ಲೇ, ಬಜಾರಿ!" ಎಂದು ಸುಂಕಮ್ಮ ನಗುತ್ತಿದ್ದಳು. ಬಿಸಿಲು ಕಾದಾಗ ಅವಳು ತಂಬಿಗೆಯಲ್ಲಿ ನೀರಿಟ್ಟರೆ ಹಕ್ಕಿ ಮೂಸಿಯೂ ನೋಡದು. ದೂರದ ಹಳ್ಳಕ್ಕೆ ಹಾರಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತಿತ್ತು. ಅವಳ ಮಾತಿಗೆ ಬರುತ್ತಿದ್ದ ಉತ್ತರ ಆ ಬೈಗುಳವೊಂದೇ. ಅದಿಲ್ಲದ ಹೊತ್ತು ಅವಳಿಗೆ ಇನ್ನೂ ಕಷ್ಟವಾಗುತ್ತಿತ್ತು.

ಮರಿಗಳಾದವು. ಹಾರಲು ಬಾರದಿದ್ದರೂ ಹುಟ್ಟಿದ ದಿನವೇ ಗೂಡು ಬಿಟ್ಟು ತಾಯಿಯ ಹಿಂದೆ ಓಡುವ ಜಾತಿ ಅದು. ಆಳೆತ್ತರದಿಂದ ಅವು ಇಳಿಯುವುದು ಹೇಗೆ? ಹುಟ್ಟಿದಾಗಿನಿಂದ ಗುಂಡಿಯ ಮಣ್ಣನ್ನು ಮೇಲಕ್ಕೆ ಹೊತ್ತವಳು ಅಂದು ಮೊದಲ ಬಾರಿ ಏರಿಯ ಮಣ್ಣನ್ನು ಬುಟ್ಟಿಬುಟ್ಟಿ ಕೆಳಕ್ಕೆ ಹೊತ್ತು ತಂದು, ದಿಬ್ಬಕ್ಕೊಂದು ಇಳಿಜಾರು ಕಟ್ಟಿದಳು. ನಾಲ್ಕು ಮರಿಗಳು ತಾಯಿಯ ಹಿಂದೆ ಉರುಳುತ್ತ ಇಳಿದುಹೋದವು. ಬಯಲಿನ ಅಂಚಿನಲ್ಲಿ ತಾಯಿ ಹಕ್ಕಿ ಒಮ್ಮೆ ನಿಂತು, ಸುಂಕಮ್ಮನ ಕಡೆ ತಿರುಗಿ ನೋಡಿತು.

ಇನ್ನು ಸಾಕ್ಷಿ ಕೆಡವಿ ತನ್ನವರನ್ನು ಸೇರಬಹುದಿತ್ತು. ಗುದ್ದಲಿ ಎತ್ತಿದಳು. "ಬರೋ ವರ್ಷ ಬಂದು ಎಲ್ಲಿ ಇಡ್ತೀಯೇ?" ಎಂದು ಖಾಲಿ ಬಯಲನ್ನು ಕೇಳಿ, ಗುದ್ದಲಿ ಇಳಿಸಿದಳು. ಮತ್ತೆ ತಂಡದ ಒಲೆಯ ಹತ್ತಿರ ಅವಳು ಹೋಗಲಿಲ್ಲ ಎನ್ನುತ್ತಾರೆ.

ಈಗಲೂ ಬೇಸಿಗೆಯಲ್ಲಿ ಹೋದವರಿಗೆ ದಿಬ್ಬದ ನೆತ್ತಿಯಲ್ಲಿ ಚುಕ್ಕಿಚುಕ್ಕಿಯ ಮೊಟ್ಟೆಗಳು ಕಾಣುತ್ತವೆ. ಏರಿಯ ಬುಡದಲ್ಲಿ ಒಬ್ಬರಿಗಷ್ಟೇ ಸಾಲುವ ಮೂರು ಕಲ್ಲಿನ ಒಲೆಯೂ ಕಾಣುತ್ತದೆ. ಹತ್ತಿರ ಹೋದರೆ ಬೈಗುಳ ತಪ್ಪಿದ್ದಲ್ಲ.

ಎಲ್ಲವೂ ನಿಜ. ಒಂದು ಸಣ್ಣ ವಿವರ ಮಾತ್ರ, ಅವಳ ಮುಖ ನೆನೆದು ತಡೆಯಲಾರದೆ, ನಾನು ಸೇರಿಸಿದ್ದು. ಹಕ್ಕಿ ತಿರುಗಿ ನೋಡಲಿಲ್ಲ.