ರಕ್ಕಸಿಯ ಹಿಂಡಿಗೆ ಹೋರಿ

“ಕೇಳ್ರಪ್ಪೋ ಕೇಳಿ! ಕರಿಗಲ್ಲು ಬೆಟ್ಟದ ರಕ್ಕಸಿಯ ಅಪ್ಪಣೆ. ನಾನು ಕೊಯ್ದು ತಿನ್ನುವ ದನದ ಹಿಂಡು ಬಡವಾಗಿದೆ. ಅದಕ್ಕೆ ಬೀಜದ ಹೋರಿ ಆರಿಸಬಲ್ಲವನೊಬ್ಬ ಬೇಕು. ಮೂರು ಒಗಟು ಕೇಳುತ್ತೇನೆ. ಬಿಡಿಸಿದವನಿಗೆ ಅರ್ಧ ಹಿಂಡು, ತಪ್ಪಿದವನಿಗೆ ಸಾವು. ಯಾರೂ ಬರದಿದ್ದರೆ ದನ ಬಿಟ್ಟು ನಿಮ್ಮನ್ನೇ ತಿನ್ನಲು ಇಳಿದು ಬರುತ್ತೇನೆ.”

ಡಂಗುರ ಸಾರಿದವನು ಒಂದೇ ಕೈಯಲ್ಲಿ ತಮಟೆ ಬಡಿಯುತ್ತಿದ್ದ. ಓಡಿಹೋಗದಿರಲೆಂದು ಇನ್ನೊಂದು ಕೈಯನ್ನು ರಕ್ಕಸಿ ಒತ್ತೆ ಇಟ್ಟುಕೊಂಡಿದ್ದಳು. ಊರಿಗೆ ಊರೇ ಹೆದರಿ ಬೆಟ್ಟ ಹತ್ತಿತು. ಎಲ್ಲರ ಹಿಂದೆ ತಿರುಕ ದ್ಯಾವನೂ ಹತ್ತಿದ. ಜನ ಸೇರಿದ ಕಡೆ ಒಂದು ತುತ್ತು ಸಿಕ್ಕೀತೆಂಬುದು ಅವನ ಲೆಕ್ಕ.

ರಕ್ಕಸಿ ಬಂಡೆಯ ಮೇಲೆ ಕೂತು ಎಲುಬು ಕಡಿಯುತ್ತಿದ್ದಳು. “ತನ್ನಲ್ಲಿ ಚೂರೂ ಇಲ್ಲದ್ದನ್ನು ಹೋರಿ ತನ್ನ ಮಗಳಿಗೆ ಕೊಟ್ಟು ಹೋಗುತ್ತದೆ. ಏನದು?” ಎಂದಳು.

ದನದ ದಳ್ಳಾಳಿ ಪುಟ್ಟನಂಜ ಅರ್ಧ ಹಿಂಡಿನ ಆಸೆಗೆ ಮುಂದೆ ಬಂದ. “ಅಂದ ತಾಯಿ, ಅಂದ” ಎಂದ. ಅವಳು ಅವನ ಎರಡೂ ಕಾಲು ಹಿಡಿದೆತ್ತಿ ಬಂಡೆಗೆ ಬಡಿದಳು. ತೆಂಗಿನಕಾಯಿ ಒಡೆದಂಥ ಸದ್ದು ಬಂತು. ಆಮೇಲೆ ಜಟ್ಟಿ ಹೊಂಬಾಳ ಮೀಸೆ ತಿರುವಿ “ಸಾಧುತನ” ಎಂದ. ಅವನ ತೋಳುಗಳನ್ನು ಕಿತ್ತು ಹದ್ದುಗಳಿಗೆ ಎಸೆದು, ಉಳಿದದ್ದನ್ನು ಕಣಿವೆಗೆ ಒದ್ದಳು. ಮೀಸೆ ಮಾತ್ರ ತಿರುವಿದ ಹಾಗೇ ಇತ್ತಂತೆ.

ಜನ ಹಿಂದೆ ಸರಿದರು. ಆಗ ಯಾರೋ ದ್ಯಾವನ ಕತ್ತು ಹಿಡಿದು ಮುಂದಕ್ಕೆ ದಬ್ಬಿದರು. ನೋಡಿದರೆ ಸೋದರಮಾವ ಮಾಚಣ್ಣ.

“ಇವನನ್ನ ತಗೋ ತಾಯಿ. ಹುಟ್ಟುವಾಗಲೇ ನನ್ನ ತಂಗಿಯನ್ನ ತಿಂದವನು. ಸತ್ತರೆ ಅಳೋರಿಲ್ಲ.”

ಈ ಮಾತನ್ನು ದ್ಯಾವ ದಿನಾ ಕೇಳಿದ್ದ. ಆದರೂ ನೋವಾಯಿತು. ಕಾಲಡಿಯ ರಕ್ತ ಇನ್ನೂ ಬೆಚ್ಚಗಿತ್ತು.

“ಹಾಲು” ಎಂದ ಅವನು. “ಅವ್ವ ಇಲ್ಲದ ನನಗೆ ಮೊಲೆ ಕೊಟ್ಟವಳು ಹೇಳ್ತಿದ್ದಳು, ಈ ಹಾಲು ಅವರಪ್ಪನ ಕಡೆಯಿಂದ ಬಂದದ್ದು ಅಂತ. ಅವರಪ್ಪನ ಅಕ್ಕನಿಗೂ ಹಂಗೇ ಇತ್ತಂತೆ. ತಾಯಿಗೆ ಹಾಲಿದ್ದರೆ ಕರುವಿಗೆ ಮೈ. ಹೋರಿ ನೋಡೋ ಮೊದಲು ಅದರ ತಾಯ ಕೆಚ್ಚಲು ನೋಡಬೇಕು.”

ರಕ್ಕಸಿ ಎಲುಬು ಕೆಳಗಿಟ್ಟಳು. “ನನ್ನ ದನ ಮೇಯುವುದು ಬಾಯಿಂದಲ್ಲ. ಮತ್ತೆ ಯಾವುದರಿಂದ?”

“ಕಾಲಿಂದ. ನನ್ನ ಅಂಗಾಲು ಸೀಳಿದ್ದಾಗ ಹಲ್ಲು ಚೆನ್ನಾಗೇ ಇತ್ತು, ಆದರೂ ಉಪವಾಸ ಬಿದ್ದಿದ್ದೆ. ಈ ಕಲ್ಲುಬೆಟ್ಟದಲ್ಲಿ ನಡೆಯಲಾರದ ದನಕ್ಕೆ ಹುಲ್ಲೆಲ್ಲಿ? ಗೊರಸು ಗಟ್ಟಿ ಇರೋ ಹೋರಿಯೇ ಬೇಕು.”

ರಕ್ಕಸಿ ಎದ್ದು ನಿಂತಳು. ಕೈಗೆ ಕಬ್ಬಿಣದ ಗದೆ ಬಂದಿತ್ತು.

“ಬೆಟ್ಟದಂಥ ಹೋರಿ ತಂದೆ. ಅದು ಯಾರನ್ನೂ ಹಾಯಲಿಲ್ಲ. ಆದರೂ ಚೊಚ್ಚಲು ಈಯಬೇಕಿದ್ದ ನನ್ನ ಕಡಸುಗಳೆಲ್ಲ ಕೊಟ್ಟಿಗೆಯಲ್ಲೇ ಸತ್ತವು. ರೋಗವಿಲ್ಲ, ಹುಲಿಯಿಲ್ಲ. ಬದುಕಿ ಹೊರಬಂದ ಕರುಗಳನ್ನು, ಇವೇ ಕೊಂದವೆಂದು ನಾನು ಕಲ್ಲಿಗೆ ಬಡಿದೆ. ಕೊಂದವರು ಯಾರು?”

ಗುಂಪಿನಿಂದ ಮಾಚಣ್ಣ ಕಿಸಕ್ಕನೆ ನಕ್ಕ. ದ್ಯಾವನ ಬಾಯಿಗೂ ಮಾವ ದಿನಾ ಅನ್ನುತ್ತಿದ್ದ ಮಾತೇ ಉತ್ತರವಾಗಿ ಬಂತು. ಕರು ಎಂದುಬಿಟ್ಟರೆ ಅವಳೂ ಒಪ್ಪಬಹುದಿತ್ತು. ಆದರೆ ಹಾಗೆನ್ನಲು ನಾಲಿಗೆ ಹೊರಳಲಿಲ್ಲ. ಒಳಗೆ ಎಂದೂ ಇಲ್ಲದ ಸಿಟ್ಟೊಂದು ಕುದಿಯಿತು.

“ಕರು ಅಲ್ಲ. ದೊಡ್ಡ ಹೋರಿಯ ಕರುವಿಗೆ ತಲೆ ದೊಡ್ಡದು, ಕಡಸಿನ ಸೊಂಟ ಚಿಕ್ಕದು. ದೊಡ್ಡ ತಲೆ ಕೊಡು ಅಂತ ಕರು ಕೇಳಿಕೊಂಡು ಬಂದಿತ್ತಾ? ಹೋರಿಯೂ ಅಲ್ಲ. ಹೋರಿಯ ಮೈ ನೋಡಿ, ಕಡಸಿನ ಮೈ ನೋಡದೆ ಆರಿಸಿದವರು ಕೊಂದರು. ಕೊಂದವಳು ನೀನು.”

ಗದೆ ಮೇಲೆದ್ದಿತು. ದ್ಯಾವ ಕಣ್ಣು ಮುಚ್ಚಿದ. ಅದು ಪಕ್ಕದ ಬಂಡೆಯನ್ನು ಸೀಳಿತು, ಚೂರು ಸಿಡಿದು ಅವನ ಕೆನ್ನೆ ಹರಿಯಿತು. ರಕ್ಕಸಿ ತಾನು ಕೊಂದ ಕರುಗಳನ್ನು ನೆನೆದು ಎದೆ ಬಡಿದುಕೊಂಡು ಅತ್ತಳು. ಅಳು ನಿಂತ ಮೇಲೆ ಅವನನ್ನೇ ದಿಟ್ಟಿಸಿದಳು.

“ಇದು ನಿನಗೆ ಹೇಗೆ ಗೊತ್ತು?”

“ನಮ್ಮವ್ವ ಸಣ್ಣ ಮೈಯವಳು. ಆನೆಯಂಥ ಗಂಡಿಗೆ ಕೊಟ್ಟರು.”

“ಆ ಗಂಡನ್ನು ಆರಿಸಿದವನು ಯಾರು?” ರಕ್ಕಸಿ ಗದೆ ಎತ್ತಿಕೊಂಡಳು. “ತೋರಿಸು. ಈಗಲೇ ಜಜ್ಜುತ್ತೇನೆ.”

ಮಾಚಣ್ಣನ ಪಂಚೆ ಒದ್ದೆಯಾಯಿತು. ದ್ಯಾವ ಅವನನ್ನು ನೋಡಿದ. ಬೆರಳೊಂದು ಎತ್ತಿದರೆ ಸಾಕಿತ್ತು. ಎತ್ತಬೇಕೆಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ.

“ಅವನಿಗೂ ಗೊತ್ತಿರಲಿಲ್ಲ, ನಿನ್ನ ಹಾಗೇ” ಎಂದು ಅವನು ರಕ್ಕಸಿಯ ಹೋರಿಗಳ ದೊಡ್ಡಿಗೆ ನಡೆದ. ತಾಯಿಹಸುಗಳ ಕೆಚ್ಚಲನ್ನೂ ನೋಡಿ, ಸಣ್ಣ ತಲೆಯ, ಗಟ್ಟಿ ಗೊರಸಿನ, ಒಳ್ಳೆ ಹಾಲಿನ ತಾಯಿಗೆ ಹುಟ್ಟಿದ ಹೋರಿಯೊಂದರ ಹಗ್ಗ ಹಿಡಿದು ತಂದ. ರಕ್ಕಸಿ ಅರ್ಧ ಹಿಂಡು ಕೊಟ್ಟಳು, ಮನುಷ್ಯರನ್ನು ಮುಟ್ಟುವುದಿಲ್ಲವೆಂದು ಮಾತೂ ಕೊಟ್ಟಳು.

ಮಾಚಣ್ಣ ತೊದಲುತ್ತ ಹತ್ತಿರ ಬಂದ. “ಅಳಿಯಾ, ಮನೆಗೆ ಬಾರಪ್ಪ, ಉಣ್ಣುವಂತೆ.”

ಜನ್ಮದಲ್ಲಿ ಮೊದಲ ಸಲ ಅಳಿಯ ಅಂದಿದ್ದ.

“ಈ ಹೋರಿಗೆ ಕಡಸುಗಳು ಈಯಲಿ ಮಾವ. ಆಮೇಲೆ ಬರ್ತೀನಿ” ಎಂದ ದ್ಯಾವ.

ಆ ಸಲ ಒಂದು ಕಡಸೂ ಸಾಯಲಿಲ್ಲ.