ಮಂಜಿನಲ್ಲಿ ಅದಲುಬದಲಾದ ಚಪ್ಪಲಿಗಳು

ಪೂಜ್ಯ ಶ್ರೀ ನಿಸ್ಪೃಹಾನಂದರು ಆಗ ಹೊಂಗೆಕಟ್ಟೆಯ ಕೆರೆಯ ಏರಿಯ ಕೆಳಗೆ, ನಾಡಹೆಂಚಿನ ಪುಟ್ಟ ಕುಟೀರದಲ್ಲಿ ವಾಸವಾಗಿದ್ದರು. ಕುಟೀರವೆಂದರೆ ಒಂದು ಕೋಣೆ, ಮುಂದೆ ಒಂದು ಜಗಲಿ, ಪಕ್ಕದಲ್ಲಿ ಭಜನೆಗೊಂದು ಮಂಟಪ, ಅಷ್ಟೇ. ಪುಷ್ಯಮಾಸದ ಬೆಳಗುಗಳಲ್ಲಿ ಕೆರೆಯ ಮೇಲಿನ ಮಂಜು ಮೆಲ್ಲಗೆ ಇಳಿದು ಬಂದು ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಭಜನೆ ಮಾಡುವವರು ಕಾಣುತ್ತಿರಲಿಲ್ಲ, ದನಿಗಳು ಮಾತ್ರ ತೇಲಿ ಬರುತ್ತಿದ್ದವು.

ಭಕ್ತರು ಹೊಂಗೆಮರದ ಕೆಳಗೆ ಪಾದರಕ್ಷೆ ಬಿಟ್ಟು ಒಳಗೆ ಹೋಗುವುದು ವಾಡಿಕೆ. ಅವುಗಳನ್ನು ಕಾಯುತ್ತಿದ್ದವನು ಚಿಕ್ಕಬೋರಯ್ಯನೆಂಬ ಮುದುಕ. ಕಾಯಬೇಕೆಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ಬಂದು ಕುಳಿತವನು. ಆ ಚಳಿಗಾಲದಲ್ಲಿ ಒಂದು ವಿಚಿತ್ರ ಶುರುವಾಯಿತು. ಭಜನೆ ಮುಗಿಸಿ ಬಂದರೆ ಯಾರ ಚಪ್ಪಲಿಯೂ ಜೋಡಿಯಾಗಿ ಸಿಗುತ್ತಿರಲಿಲ್ಲ. ಒಂದು ಇಲ್ಲಿದ್ದರೆ ಇನ್ನೊಂದು ಮರದ ಆಚೆ. ಕಳೆದುಹೋಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು, ಹುಡುಕಿದರೆ ಸಿಗುತ್ತಿತ್ತು.

“ಬೋರಣ್ಣಾ, ನನ್ನ ಹರಕಲು ಚಪ್ಪಲೀನೂ ಯಾರೋ ಮೋಹಿಸ್ಬುಟ್ಟವ್ರಲ್ಲಪ್ಪ!” ಎಂದು ಭಜನೆಗೆ ಬರುವ ಗಂಗಹನುಮಕ್ಕ ಮಂಜಿನೊಳಗಿಂದ ಕೂಗಿದರೆ ಎಲ್ಲರೂ ನಗುತ್ತಿದ್ದರು.

ನಗದವರು ಕೆಂಪನಂಜಯ್ಯನವರು ಒಬ್ಬರೇ. ಊರಿನಲ್ಲಿ ಅವರದೊಂದು ಸಾಮಿಲ್ಲು, ಅಂದರೆ ಮರ ಕೊಯ್ಯುವ ಕಾರ್ಖಾನೆ. ಭಜನೆ ಮಂಟಪದ ತೊಲೆಗಳು ಅವರು ಕೊಟ್ಟವೇ. ಒಂದು ಬೆಳಿಗ್ಗೆ ಅವರು ಭಜನೆ ಮುಗಿಯುವ ಮೊದಲೇ ಎದ್ದು ಹೊರಗೆ ಬಂದರು. ಮುದುಕ ಬಗ್ಗಿಕೊಂಡು ಅವರ ಎಡಗಾಲಿನ ಮೆಟ್ಟನ್ನು ಮರದ ಆಚೆ ಇಡುತ್ತಿದ್ದ. ಅವರು ಅದನ್ನು ಕಿತ್ತುಕೊಂಡು ಮೆಟ್ಟಿ, ಅವನ ತೋಳು ಹಿಡಿದು ಪೂಜ್ಯರು ಕುಳಿತಿದ್ದ ಜಗಲಿಯ ಮೇಲಕ್ಕೇ ಎಳೆದು ತಂದರು.

“ಬುದ್ಧೀ, ಈ ಕಳ್ಳನ್ನ ಇವತ್ತೇ ಓಡಿಸ್ಬೇಕು. ಇವ್ನು ಇಲ್ಲಿದ್ರೆ ನಾನು ಈ ಕಡೆ ತಲೆ ಹಾಕಲ್ಲ.”

“ಕದ್ದಿಲ್ಲ ಬುದ್ಧಿ,” ಎಂದ ಮುದುಕ. “ಅದಲು ಬದಲು ಮಾಡ್ದೆ, ಅಷ್ಟೇಯ.”

ಜನ ಸೇರಿದರು. ಓಡಿಸಿದರೆ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಅವನ ಪರವಾಗಿ ಯಾರೂ ಮುಂದೆ ಬರಲಿಲ್ಲ.

ಪೂಜ್ಯರು ಎದ್ದು ಬಂದು ಮುದುಕನ ಎದುರಿಗೇ ನೆಲದ ಮೇಲೆ ಕುಳಿತರು. ಯಾಕೆ ಮಾಡಿದೆ ಎಂದು ಅವರು ಕೇಳಲಿಲ್ಲ. ಹಾಗೆ ಕೇಳಿದ್ದರೆ ಅವನು ಹೆದರಿ ಏನಾದರೂ ನೆಪ ಹೇಳುತ್ತಿದ್ದನೇನೋ. ಅವರು ಕೇಳಿದ್ದು ಇಷ್ಟೇ:

“ನಿನಗೆ ಏನು ಬೇಕಿತ್ತಪ್ಪಾ?”

ಕೆರೆಯ ಕಡೆಯಿಂದ ಮಂಜು ತೆರೆತೆರೆಯಾಗಿ ಬಂದು, ನಿಂತವರ ನಡುವೆ ಸುಳಿದು ಹೋಗುತ್ತಿತ್ತು. ಮುದುಕ ನೆಲ ನೋಡುತ್ತ ಹೇಳಿದ:

“ಚಪ್ಪಲಿ ಸಿಕ್ದೇಟ್ಗೆ ಎಲ್ಲಾರೂ ಮೆಟ್ಕಂಡು ಹೊಂಟೋಯ್ತಾರೆ ಬುದ್ಧಿ. ಸಿಗ್ದಿದ್ರೆ ‘ಬೋರಣ್ಣಾ’ ಅಂತ ಕೂಗ್ತಾರೆ. ಹುಡುಕ್ತಾ ಹುಡುಕ್ತಾ ಮನೆ ಸುದ್ದಿ ಹೇಳ್ತಾರೆ. ಇಲ್ಲಾಂದ್ರೆ ನನ್ ಹೆಸ್ರ ಕೂಗೋರು ಯಾರವ್ರೆ?”

ಗಂಗಹನುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪೂಜ್ಯರು ಈಗ ಕೆಂಪನಂಜಯ್ಯನವರ ಕಡೆ ತಿರುಗಿದರು. ಅದೇ ದನಿ, ಅದೇ ಕರುಣೆ. “ನಿಮಗೆ ಏನು ಬೇಕಿತ್ತು, ನಂಜಯ್ಯನವರೇ?”

“ನನ್ನ ಮೆಟ್ಟು...” ಎಂದವರು ತಟ್ಟನೆ ನಿಂತರು. ಮೆಟ್ಟು ಅವರ ಕಾಲಿನಲ್ಲೇ ಇತ್ತು. ಸಿಟ್ಟಿನ ಭರದಲ್ಲಿ ಮೆಟ್ಟಿನೊಂದಿಗೇ ಪೂಜ್ಯರ ಜಗಲಿ ಹತ್ತಿದ್ದರು! ಪೂಜ್ಯರು ಆ ಮಾತೆತ್ತಲಿಲ್ಲ. ಕೆಂಪನಂಜಯ್ಯನವರು ತಲೆ ತಗ್ಗಿಸಿ ಹೇಳಿದರು:

“ಮೊನ್ನೆ ಮಂಜಿನಲ್ಲಿ ಬಗ್ಗಿ ಮೆಟ್ಟು ಹುಡುಕ್ತಿದ್ದೆ ಬುದ್ಧಿ. ಜನ ತಳ್ಳಿಕೊಂಡು ಹೋದ್ರು. ನಾನು ಯಾರು ಅಂತ ಒಬ್ರೂ ಗುರುತು ಹಿಡೀಲಿಲ್ಲ.”

“ಇಬ್ಬರೂ ಒಂದನ್ನೇ ಕೇಳುತ್ತಿದ್ದೀರಿ,” ಎಂದರು ಪೂಜ್ಯರು. ಅಷ್ಟು ಹೇಳಿ ಎದ್ದು ಒಳಗೆ ಹೋದರು. ಯಾರನ್ನೂ ಓಡಿಸಲಿಲ್ಲ, ಯಾರಿಗೂ ಉಪದೇಶ ಮಾಡಲಿಲ್ಲ.

ಅನ್ನ ಬೇಕು, ಬಟ್ಟೆ ಬೇಕು ಎಂದು ನಾವು ಬಾಯಿಬಿಟ್ಟು ಕೇಳುತ್ತೇವೆ. ಯಾರಾದರೂ ನನ್ನನ್ನು ಕಾಣಲಿ, ಕರೆಯಲಿ ಎಂದು ಕೇಳಲು ನಾಚಿಕೆ. ಆ ನಾಚಿಕೆಯೇ ಒಬ್ಬನಲ್ಲಿ ಚೇಷ್ಟೆಯಾಗುತ್ತದೆ, ಇನ್ನೊಬ್ಬನಲ್ಲಿ ಕೋಪವಾಗುತ್ತದೆ. ಪೂಜ್ಯರು ಚೇಷ್ಟೆಯನ್ನೂ ಕೋಪವನ್ನೂ ದಾಟಿ ಅದರ ಹಿಂದಿನ ಹಸಿವನ್ನು ನೋಡಿದ್ದರು.

ಕೆಂಪನಂಜಯ್ಯನವರು ಮುದುಕನ ತೋಳು ಬಿಟ್ಟರು. ಮೆಟ್ಟು ಕಳಚಿ ಕೆಳಗಿಟ್ಟು, ಜಗಲಿಯ ಅಂಚಿನಲ್ಲಿ ಅವನ ಪಕ್ಕಕ್ಕೇ ಕುಳಿತರು. ಆಮೇಲೆ ಕೇಳಿದರು: “ಬೋರಣ್ಣ, ನಿನ್ನ ಹುಟ್ಟೂರು ಯಾವ್ದು?”

ಅಂದು ಸಾಮಿಲ್ಲಿನ ಬಾಗಿಲು ತೆರೆದಾಗ ಮಧ್ಯಾಹ್ನವಾಗಿತ್ತು.